ಏಳನೇ ನಂಬರಿನ ಡಬ್ಬಿ

ಶುಕ್ರವಾರ ಬೆಳಿಗ್ಗೆ 8 ಗಂಟೆ 5 ನಿಮಿಷಕ್ಕೆ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆ ಠಾಣೆಗೆ ಬಂದರು. ಯಾರೋ ತಮ್ಮ ನೂರಾ ನಾಲ್ಕು ಬಾಟಲಿಗಳ ಮುಚ್ಚಳ ತೆಗೆದಿದ್ದಾರೆ ಎಂಬುದು ದೂರು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಕಳುವಾಗಿಲ್ಲ ಸರ್. ಸಾಯಿಸಿದಾರೆ."

"ಯಾರನ್ನ?"

"ಬ್ಯಾಕ್ಟೀರಿಯಾನ."

ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ನಿಂತಿತು. ದಿನವೂ ಅತ್ತರು ಪೂಸಿಕೊಂಡು ಬರುವ ಇವನಿಗೆ ಠಾಣೆಯಲ್ಲಿ ಸೆಂಟು ಎಂದೇ ಹೆಸರು. ಕೊಲೆಯ ಕಲಮು ಹಾಕಬೇಕೋ ಬೇಡವೋ ಎಂದು ಸಾಹೇಬರ ಮುಖ ನೋಡಿದ. ಸಾಹೇಬರು ನಗಲಿಲ್ಲ, ಆಕೆ ಅಳುತ್ತಿದ್ದರು. ಅತಿಕ್ರಮ ಪ್ರವೇಶ ಮತ್ತು ಆಸ್ತಿ ಹಾನಿ ಎಂದು ಎಫ್‌ಐಆರ್ ದಾಖಲಾಯಿತು.

8.40ಕ್ಕೆ ಲ್ಯಾಬ್ ತಲುಪಿದರು. ಮೇಲಿನ ವಾರ್ಡಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಎರಡು ತಿಂಗಳಿಂದ ಭೇದಿಯಲ್ಲಿ ಮಲಗಿದ್ದಳು. ಸೋಂಕಿಗೆ ಕೊಟ್ಟ ಬಿರುಸಾದ ಔಷಧಿ ಅವಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಗುಡಿಸಿಹಾಕಿತ್ತು. ಇಂಥವರಿಗೆ ಇಷ್ಟು ದಿನ ಆರೋಗ್ಯವಂತರ ಮಲವನ್ನೇ ಶುದ್ಧಮಾಡಿ ಕೊಡುತ್ತಿದ್ದರು. ಈಗ ಅದರಿಂದ ಒಂದೊಂದೇ ಜಾತಿಯನ್ನು ಬೇರ್ಪಡಿಸಿ, ಬೆಳೆಸಿ, ಲೆಕ್ಕವಾಗಿ ಬೆರೆಸುವುದನ್ನು ಕಲಿತಿದ್ದರು. ನಾಲ್ಕು ವರ್ಷದ ಕೆಲಸ. ಇಂದು ಹನ್ನೊಂದಕ್ಕೆ ಅವಳಿಗೆ ಅದನ್ನು ಮೊದಲ ಸಲ ಕೊಡುವವರಿದ್ದರು.

"ಒಂದು ತಿಂದು ಬಿಟ್ಟಿದ್ದನ್ನ ಇನ್ನೊಂದು ತಿನ್ನುತ್ತೆ ಸರ್. ಒಟ್ಟು ಕುಟುಂಬ ಇದ್ದ ಹಾಗೆ," ಎಂದರು ಮುಖ್ಯಸ್ಥೆ. "ಗಾಳಿ ತಗುಲಿದ್ರೆ ಮಾತ್ರ ಉಳಿಯಲ್ಲ."

ಗಾಳಿಯಿಲ್ಲದ ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದಿತ್ತು. ಬಣ್ಣವಿಲ್ಲದಿರಬೇಕಿದ್ದ ದ್ರವ ಎಲ್ಲ ಬಾಟಲಿಗಳಲ್ಲೂ ಗಾಳಿ ಸೋಕಿ ಗುಲಾಬಿಯಾಗಿತ್ತು. ಬೀಗ ಒಡೆದಿರಲಿಲ್ಲ. ಪ್ರತಿ ಮುಚ್ಚಳವೂ ಅದರದರ ಬಾಟಲಿಯ ಪಕ್ಕದಲ್ಲಿ ನೀಟಾಗಿ ಕೂತಿತ್ತು. ಕಸ ಗುಡಿಸುವವಳನ್ನು ಕರೆದರು.

"ಬೆಳಿಗ್ಗೆ ಯಾರಾದ್ರೂ ಬಂದಿದ್ರಾ?"

"ಹೊರಗಿನವರ್ಯಾರೂ ಬಂದಿಲ್ಲ ಸರ್."

ಗೋಡೆಯ ಮೇಲೆ ಬಾಟಲಿಗಳ ಪಟ್ಟಿಯಿತ್ತು. ಕೊನೆಯ ಕಾಲಮ್ಮಿನಲ್ಲಿ ದಾ-7, ದಾ-3, ದಾ-7, ದಾ-7 ಎಂದು ಕೆಳಗಿನವರೆಗೂ ಬರೆದಿತ್ತು.

"ಇದೇನು?"

"ಯಾವ ದಾನಿಯಿಂದ ತೆಗೆದಿದ್ದು ಅಂತ. ನಮಗೆ ನಂಬರು ಮಾತ್ರ ಗೊತ್ತು. ಹೆಸರು ನರ್ಸಮ್ಮನ ರಿಜಿಸ್ಟರಲ್ಲಿ ಇರುತ್ತೆ."

ಪಟ್ಟಿಯ ಒಂದು ಪ್ರತಿಯನ್ನು ಇನ್ಸ್‌ಪೆಕ್ಟರ್ ಫೈಲಿಗೆ ಸೇರಿಸಿಕೊಂಡರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಸೆಂಟು ಕೂಗಿದ. ದಾನಿಗಳು ಮಾದರಿ ಇಡುವ ಕಿಟಕಿಯಲ್ಲಿ ಒಂದು ಬಿಳಿ ಡಬ್ಬಿ. ಚೀಟಿಯ ಮೇಲೆ ನಂಬರ್ 7, ಇವತ್ತಿನ ತಾರೀಖು, ಸಮಯ 6.50.

"ದಾನ ನಿಲ್ಲಿಸಿ ಹನ್ನೆರಡು ದಿನ ಆಯ್ತಲ್ಲ," ಎಂದಳು ನರ್ಸು.

ಇನ್ಸ್‌ಪೆಕ್ಟರ್ ಗುಡಿಸುವವಳ ಕಡೆ ತಿರುಗಿದರು. "ಹೊರಗಿನವರು ಬಂದಿಲ್ಲ, ಸರಿ. ಒಳಗಿನವರು?"

"ಡಬ್ಬಿ ತಾತ ಬಂದಿದ್ರು. ಅವರು ದಿನಾ ಬರೋರೇ ಅಲ್ವಾ?"

ಸೆಂಟು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಪಂಚನಾಮೆ ಬರೆದ: ಮುಚ್ಚಿದ ಬಿಳಿ ಡಬ್ಬಿ ಒಂದು, ತೂಕ 140 ಗ್ರಾಂ, ಒಳಗಿನದನ್ನು ನೋಡಲು ಪಂಚರು ಒಪ್ಪಿರುವುದಿಲ್ಲ.

11.20ಕ್ಕೆ ರಿಜಿಸ್ಟರಿನ ವಿಳಾಸದ ಮನೆಯ ಬಾಗಿಲು ತಟ್ಟಿದರು. ತಾತ ಲಿಫ್ಟ್ ಆಪರೇಟರಾಗಿ ನಿವೃತ್ತರಾದವರು. ಬಾಗಿಲು ತೆಗೆದ ಹೆಂಡತಿ ಅರ್ಧ ಮಾತು ಕೇಳುವಷ್ಟರಲ್ಲೇ ಶುರುಮಾಡಿದರು.

"ಆ ಡಬ್ಬಿಗೋಸ್ಕರ ಆರು ವರ್ಷದಿಂದ ಹೊರಗಡೆ ಒಂದು ತುತ್ತು ತಿಂದಿಲ್ಲ ಇವರು. ಖಾರ ಇಲ್ಲ, ಎಣ್ಣೆ ಇಲ್ಲ. ನನ್ನ ತಮ್ಮನ ಮದುವೆಗೂ ಬುತ್ತಿ ಕಟ್ಟಿಸಿಕೊಂಡು ಬಂದ್ರು. ಸವತಿ ಇದ್ದಿದ್ರೂ ನಂಗಿಷ್ಟು ಹೊಟ್ಟೆ ಉರೀತಿರ್ಲಿಲ್ಲ."

ತಾತ ಒಳಗೆ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು.

"ಲ್ಯಾಬಿಗೆ ಹೋಗಿದ್ರಾ?"

"ಹೋಗಿದ್ದೆ."

"ಬೀಗದ ಕೈ?"

"ಪರದೆ ಹಿಂದೆ ಮೊಳೇಲಿರುತ್ತೆ. ದಿನಾ ನೋಡ್ತಿದ್ದೆ."

"ಗಾಳಿ ತಗುಲಿದ್ರೆ ಸಾಯ್ತವೆ ಅಂತ ಯಾರು ಹೇಳಿದ್ರು?"

"ಆ ಮೇಡಮ್ಮೇ. ಕರೆದು ತೋರಿಸಿದ್ರು, ಹುಟ್ಟಿದ ಕೂಸು ತೋರಿಸಿದ ಹಾಗೆ."

"ಯಾಕೆ ಮಾಡಿದ್ರಿ?"

"ಮೂವತ್ತು ವರ್ಷ ಲಿಫ್ಟಲ್ಲಿ ನಿಂತೆ. ಜನ ಮುಖ ನೋಡದೆ ಮಹಡಿ ನಂಬರು ಹೇಳೋರು. ಅಲ್ಲಿ ಮಾತ್ರ ನಂಗೋಸ್ಕರ ಕಾಯ್ತಿದ್ರು ಸರ್. ನನ್ನಿಂದ ನಲವತ್ತೊಂದು ಜನ ಎದ್ದು ಓಡಾಡ್ತಿದಾರೆ. ಹನ್ನೆರಡು ದಿನದ ಹಿಂದೆ, ಇನ್ನು ಬರಬೇಡಿ, ಬಾಟಲಿ ರೆಡಿ ಆಗಿದೆ ಅಂದ್ರು. ಬಾಟಲಿ. ನೆನೆಸಿಕೊಂಡ್ರೆ ಒಳಗೆಲ್ಲ ಉರೀತಿತ್ತು. ನಿದ್ದೆ ಬರ್ತಿರ್ಲಿಲ್ಲ."

"ಮೇಲೊಬ್ಬಳು ಹೆಂಗಸು ಕಾಯ್ತಿದ್ಳಲ್ಲ?"

"ಅದಕ್ಕೇ ಡಬ್ಬಿ ಇಟ್ಟು ಬಂದೆ. ಕೊಟ್ರಾ?"

"ಇಲ್ಲ. ಅದು ಸೀಲಾಗಿ ನಮ್ಮ ಮುದ್ದೆಮಾಲಿನ ಜೊತೆ ಇದೆ. ಹಳೇ ದಾನದ ಮಾದರಿ ಒಂದೂ ಉಳಿದಿಲ್ಲ, ಬಾಟಲಿಗಳ ಬೀಜ ಮಾತ್ರ ಫ್ರೀಜರಲ್ಲಿದೆ. ಮತ್ತೆ ಬೆಳೆಸೋಕೆ ಹದಿನೈದು ದಿನ ಬೇಕಂತೆ. ಅಷ್ಟು ದಿನ ಆಕೆ ತಡೀತಾಳೋ ಇಲ್ವೋ, ಡಾಕ್ಟರು ಹೇಳ್ತಿಲ್ಲ."

ಇನ್ಸ್‌ಪೆಕ್ಟರ್ ಫೈಲಿನಿಂದ ಪಟ್ಟಿ ತೆಗೆದು ಕೊಟ್ಟರು. "ಕೊನೇ ಕಾಲಮ್ ಓದಿ."

ತಾತ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎರಡನೇ ಹಾಳೆಗೆ ಬಂದವರು ಮತ್ತೆ ಮೊದಲ ಹಾಳೆಗೆ ತಿರುಗಿಸಿದರು.

"ಇದು ನನ್ನ ನಂಬರು."

"ನೂರಾ ನಾಲ್ಕರಲ್ಲಿ ಎಪ್ಪತ್ತೊಂದು ನಿಮ್ಮವೇ."

"ಯಾರೂ ಹೇಳ್ಲಿಲ್ವಲ್ಲ ಸರ್."

12.15ಕ್ಕೆ ಬಂಧನದ ಮೆಮೊಗೆ ತಾತ ಸಹಿ ಹಾಕಿದರು. ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಮತ್ಸರ ಎಂದು ಒಂದೇ ಪದ ಬರೆದರು. ಯಾರ ಮೇಲೆ ಎಂದು ಬರೆಯಲು ಹೋಗಿ ಪೆನ್ನು ಮುಚ್ಚಿದರು.

1.30ಕ್ಕೆ ಸೆಂಟು ಹೋಟೆಲಿನ ಊಟದ ಪೊಟ್ಟಣವನ್ನು ಲಾಕಪ್ಪಿನೊಳಕ್ಕೆ ಸರಿಸಿದ. ತಾತ ಅದನ್ನು ಬಿಚ್ಚಿ ನೋಡಿ, ಮತ್ತೆ ಮಡಿಸಿ ಹಿಂದಕ್ಕೆ ಕೊಟ್ಟರು.

"ಖಾರ ಇದೆ, ಬೇಡಪ್ಪ. ಆಯಮ್ಮ ಹದಿನೈದು ದಿನ ತಡೀಬೇಕಲ್ಲ. ನಡುವೆ ನಂದೇ ಬೇಕು ಅಂತ ಕೇಳಿದ್ರೆ?"

ಲಾಕಪ್ಪಿನಲ್ಲಿರುವವರ ಡಬ್ಬಿಯನ್ನು ಯಾರೂ ಕೇಳುವುದಿಲ್ಲ ಎಂದು ಸೆಂಟುವಿಗೆ ಗೊತ್ತಿತ್ತು. ಆದರೂ ತಾತನ ಮನೆಗೆ ಫೋನ್ ಮಾಡಿ ಬುತ್ತಿ ತರಲು ಹೇಳಿದ.