ದೀಪ ಹಿಡಿದವನು

ಅಣ್ಣನ ಮನೆಗೆ ಯಾರೇ ಬರಲಿ, ಅವರ ಬೆವರು ಆರುವ ಮೊದಲೇ ಅವರನ್ನು ಕಲ್ಲಿನ ಕೋಣೆಗೆ ಕರೆದುಕೊಂಡು ಹೋಗುವುದು ರೂಢಿ. ಗೋಡೆಯುದ್ದಕ್ಕೂ ನಿಂತ ಗಾಜಿನ ಬೀರು. ಅದರೊಳಗೆ ಒಂದು ಆಯಸ್ಸೆಲ್ಲ ಬೆಟ್ಟ, ಗಣಿ ಅಂತ ಅಲೆದು ಕೂಡಿಸಿದ ಕಲ್ಲುಗಳು. ಜೇನಿನ ಬಣ್ಣದವು, ಮಂಜುಗಡ್ಡೆಯಂಥವು, ಹೊರಗೆ ಒರಟಾಗಿದ್ದು ಒಳಗೆಲ್ಲ ನೇರಳೆ ಹಲ್ಲು ತುಂಬಿಕೊಂಡವು. ಬಂದವರು ಎಲ್ಲವನ್ನೂ ನೋಡಿ ಮುಗಿಸಿ ಕೊನೆಗೆ ನಡುವಣ ಹಲಗೆಯ ಮುಂದೆ ನಿಂತುಬಿಡುತ್ತಿದ್ದರು. ಅಲ್ಲಿ ಒಂದೇ ಒಂದು ಹರಳು, ಅಂಗೈಯಷ್ಟು ಉದ್ದ. ಗುಲಾಬಿಯೂ ಅಲ್ಲದ, ನೇರಳೆಯೂ ಅಲ್ಲದ ಬಣ್ಣ.

"ಇದೆಲ್ಲಿ ಸಿಕ್ತು?" ಎಂದು ಯಾರಾದರೂ ಕೇಳಲಿ ಅಂತಲೇ ಅಣ್ಣ ಕಾದಿರುತ್ತಿದ್ದ.

"ನಮಗಿನ್ನೂ ಮೀಸೆ ಬಂದಿರಲಿಲ್ಲ. ಹಳೇ ಗಣಿ ಹೊಂಡಕ್ಕೆ ಇಳಿದಿದ್ವಿ. ಬಂಡೆ ಸಂದೀಲಿ ಕೈ ಹಾಕಿದೆ ನೋಡಿ, ಬೆರಳಿಗೆ ತಣ್ಣಗೆ ತಗಲ್ತು!" ಆಮೇಲೆ ಪಕ್ಕದಲ್ಲಿ ನಿಂತ ತಮ್ಮನ ಬೆನ್ನು ತಟ್ಟುತ್ತಿದ್ದ. "ಇವನು ಲಾಟೀನು ಹಿಡ್ಕೊಂಡಿದ್ದ. ಆವತ್ತಿಂದ ಇವತ್ತಿನವರೆಗೂ ನಮ್ಮ ಪುಟ್ಟಂದು ದೀಪ ಹಿಡಿಯೋ ಕೆಲಸವೇ!"

ಎಲ್ಲರೂ ನಗುತ್ತಿದ್ದರು. ತಲೆ ನರೆತ ಪುಟ್ಟನೂ ನಗುತ್ತಿದ್ದ.

ಆ ದಿನ "ಅಣ್ಣಾ, ಅಲ್ನೋಡು" ಎಂದವನು ಅವನು. ಕೈಯಲ್ಲಿ ಲಾಟೀನಿತ್ತು. ಅದನ್ನು ಕೆಳಗಿಡುವಷ್ಟರಲ್ಲಿ ಅಣ್ಣನ ಕೈ ಸಂದಿಯೊಳಗೆ ಹೋಗಿಯಾಗಿತ್ತು. ಅಷ್ಟೇ ನಡೆದದ್ದು. ಮೊದಮೊದಲು ಈ ಕತೆ ಕೇಳಿದಾಗಲೆಲ್ಲ ಅವನ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ವರ್ಷಗಳು ಕಳೆದಂತೆ ಕೆಂಡವೂ ಆರಿತು. ಈಗ ಅಲ್ಲಿ ಏನೂ ಇರಲಿಲ್ಲ. ಉರಿಯಿದ್ದಾಗ ಮಾಡಲಾಗದ ಕೆಲಸವನ್ನು ಬೂದಿ ಎಷ್ಟು ಸಲೀಸಾಗಿ ಮಾಡಿಸುತ್ತದೆ ಎಂಬುದು ಅವನಿಗೇ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ.

ಅವನ ಕಸುಬು ಅಂಗಡಿಗಳಿಗೆ ಷೋಕೇಸು ಮಾಡಿಕೊಡುವುದು. ಗಾಜು ಕೂಡಿಸಿ ದೀಪ ಹಾಕುವುದರ ಜೊತೆಗೆ, ಆ ದೀಪದ ಕೆಳಗೆ ಇಡಲು ಬೇಕಾದ ಸುಳ್ಳು ಸಾಮಾನನ್ನೂ ಅವನೇ ಮಾಡುತ್ತಿದ್ದ. ಕರಗದ ಐಸ್‌ಕ್ರೀಮು, ಹಳಸದ ಕೇಕು, ಆರಿದರೆ ಗಾಜಿನಂತಾಗುವ ಬಣ್ಣದ ರೆಸಿನ್ ಅಂಟು ತುಂಬಿದ ಅತ್ತರಿನ ಬಾಟಲಿ. ರಬ್ಬರಿನ ಅಚ್ಚು ತೆಗೆದು, ರೆಸಿನ್ ಹೊಯ್ದು, ಬಣ್ಣ ಕೂಡಿಸಿ ಉಜ್ಜಿದರೆ ಅಂಗಡಿ ಯಜಮಾನನಿಗೇ ಅಸಲಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಅಣ್ಣನೇ ಕರೆ ಮಾಡಿದ. "ಲೋ ಪುಟ್ಟ, ಬೀರುವಿನ ಬಲ್ಬುಗಳು ಕುಲುಮೆ ಥರ ಕಾಯ್ತಿವೆ ಕಣೋ. ಹರಳಿನ ಬಣ್ಣ ಇಳೀತಿದೆ ಅಂತ ನಿಮ್ಮತ್ತಿಗೆ ಒಂದೇ ಗೋಳು. ನೀನೇ ಬಂದು ಬೇರೆ ದೀಪ ಹಾಕ್ಕೊಡು."

"ಬರ್ತೀನಿ ಅಣ್ಣ" ಎಂದ. ಫೋನು ಕೆಳಗಿಡುವ ಹೊತ್ತಿಗೆ ಮನಸ್ಸಿನಲ್ಲಿ ಎಲ್ಲವೂ ಸಿದ್ಧವಾಗಿತ್ತು, ಬಹಳ ಕಾಲದಿಂದ ಅಲ್ಲೇ ಕೂತು ಕಾಯುತ್ತಿದ್ದ ಹಾಗೆ.

ಅವನು ದೀಪ ಹಾಕಿಕೊಟ್ಟ ಅಂಗಡಿಗಳಲ್ಲಿ ಒಬ್ಬ ಸಾಣೆಗಾರನದೂ ಇತ್ತು. ಹರಳು ಕತ್ತರಿಸಿ ಉಂಗುರಕ್ಕೆ, ಸರಕ್ಕೆ ಅಳವಡಿಸುವವನು. ಹಿಂದೊಮ್ಮೆ ಅಣ್ಣನ ಹರಳಿನ ಮಾತು ಬಂದಾಗ ಅವನು ಹೇಳಿದ್ದ: "ಅಂಥದ್ದು ನನ್ನ ಕೈಗೆ ಬಂದ್ರೆ ಊಟದ ಹೊತ್ತಿಗೆ ಚೂರು ಮಾಡಿಬಿಡ್ತೀನಿ. ಆಮೇಲೆ ಅದನ್ನ ಹೆತ್ತ ಬೆಟ್ಟ ಬಂದ್ರೂ ಗುರುತು ಹಿಡಿಯೋಕಾಗಲ್ಲ ಸ್ವಾಮಿ."

ಇನ್ನು ಮೋಸ ಹೋಗಬೇಕಾದವರು ಯಾರು ಯಾರು? ಅಣ್ಣನ ಕಣ್ಣು ಮಂಜಾಗಿತ್ತು. ಕೈ ನಡುಗುವುದರಿಂದ ಈಚೆಗೆ ಅವನು ಕಲ್ಲುಗಳನ್ನು ಎತ್ತುತ್ತಿರಲಿಲ್ಲ. ಬಂದುಹೋಗುವವರಿಗೆ ಮುಟ್ಟುವ ಅಪ್ಪಣೆಯೇ ಇಲ್ಲ. ಉಳಿದವರು ಅತ್ತಿಗೆ ಒಬ್ಬರೇ.

ಅತ್ತಿಗೆಯ ಬಗ್ಗೆ ಅವನು ಹೆಚ್ಚು ಯೋಚಿಸಿದ. ದಿನವೂ ಸಂಜೆ ಅವರು ಕಲ್ಲಿನ ಕೋಣೆಯ ಪರದೆ ಎಳೆದು, ಬಾಗಿಲು ಮುಂದೆ ಮಾಡಿ, ನೀಲಿ ಟಾರ್ಚು ಹಿಡಿದು ಬೀರುವಿನ ಮುಂದೆ ನಿಲ್ಲುತ್ತಿದ್ದರು. ಕಣ್ಣಿಗೆ ಕಾಣದ ಬೆಳಕನ್ನು ಬೀರಿ ಕೆಲವು ಕಲ್ಲುಗಳನ್ನು ಕೆಂಪಗೆ, ಹಸಿರಾಗಿ ಬೆಳಗಿಸುವ ದೀಪ ಅದು. ಆ ಬೆಳಕಿನಲ್ಲಿ ಧೂಳಿನ ಎಳೆಗಳೂ ಬೆಳ್ಳಗೆ ಮಿಂಚುತ್ತವೆ. ಅತ್ತಿಗೆಗೆ ಶುಚಿಯ ಹುಚ್ಚು. ಅವರ ಮನೆಯಲ್ಲಿ ನೊಣವೂ ಕಾಲೊರೆಸಿಕೊಂಡು ಬರಬೇಕು ಎಂದು ಅಣ್ಣನೇ ಗೇಲಿ ಮಾಡುತ್ತಿದ್ದ. ಧೂಳು ಹುಡುಕುತ್ತಾರೆ, ಪಾಪ, ಎಂದು ಅವನು ತೀರ್ಮಾನಿಸಿದ್ದ. ಬಾಗಿಲ ಸಂದಿಯ ನೀಲಿ ಆರಿದ ಮೇಲೂ ಅವರು ಕೂಡಲೇ ಹೊರಗೆ ಬರುತ್ತಿರಲಿಲ್ಲ. ಒರೆಸುವ ಬಟ್ಟೆ ಮಡಿಸುತ್ತಿರಬೇಕು.

ಅವರ ಒಬ್ಬಳೇ ಮಗಳು ಶಾಲೆಗೆ ಸೇರುವ ಮೊದಲೇ ಜ್ವರದಲ್ಲಿ ತೀರಿಹೋಗಿದ್ದಳು. ಆ ಕಾಲದಲ್ಲಿ ಅವನು ದೂರದ ಊರುಗಳಲ್ಲಿ ಅಂಗಡಿಗಳಿಗೆ ದೀಪ ಕೂಡಿಸುತ್ತಿದ್ದ. ಮಣ್ಣಿಗೆ ಬಂದು ಮರಳಿ ಹೋಗಿದ್ದ. ಅತ್ತಿಗೆಯ ಶುಚಿ ಹೆಚ್ಚಾದದ್ದು ಆಮೇಲೆಯೇ. ದುಃಖ ಒಬ್ಬೊಬ್ಬರಲ್ಲಿ ಒಂದೊಂದು ದಾರಿ ಹಿಡಿಯುತ್ತದೆ, ದೇವರ ಇಚ್ಛೆ, ಎಂದುಕೊಂಡು ಅವನು ಆ ಯೋಚನೆಯನ್ನು ಅಲ್ಲಿಗೆ ಬಿಟ್ಟ.

ಅಚ್ಚನ್ನು ಎಲ್ಲರ ಎದುರಿಗೇ ತೆಗೆದ. ಅದೇ ಅವನ ಉಪಾಯದ ಸೊಗಸು. "ಹರಳಿಗೆ ಸರಿಯಾಗಿ ಕೂರೋ ಹಾಗೆ ಒಂದು ಪೀಠ ಮಾಡ್ತೀನಿ. ಅದಕ್ಕೆ ಅಳತೆ ಬೇಕು" ಎಂದ. ಅಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ನೋಡಿದ. "ಹುಷಾರು ಕಣೋ, ಮಗು ಥರ ನೋಡ್ಕೊಂಡಿದ್ದೀವಿ" ಎಂದ. ರಬ್ಬರು ಗಟ್ಟಿಯಾಗುವವರೆಗೆ ಅಣ್ಣತಮ್ಮಂದಿರು ಹಳೆಯ ಮೇಷ್ಟರೊಬ್ಬರ ನಡಿಗೆಯನ್ನು ಅಣಕಿಸಿ ನಕ್ಕರು. ನಗುವಾಗ ಅಣ್ಣನ ಮುಖ ಅಪ್ಪನ ಮುಖದ ಹಾಗೇ ಕಾಣುತ್ತಿತ್ತು. ಅವನು ಅದನ್ನೂ ಗಮನಿಸಿದ, ಗೋಡೆಯ ಬಿರುಕು ಗಮನಿಸಿದ ಹಾಗೆ.

ಹರಳಿನ ಬಣ್ಣ, ಒಳಗಿನ ಕೂದಲೆಳೆಯಂಥ ಗೆರೆಗಳು, ತುದಿಯಲ್ಲಿ ಮುಕ್ಕಾದ ಜಾಗ, ಎಲ್ಲವೂ ನಕಲಿಯಲ್ಲಿ ಬಂದವು. ತೂಕಕ್ಕೆ ಗಾಜಿನ ಹಿಟ್ಟು ಬೆರೆಸಿದ. ನೀಲಿ ಟಾರ್ಚಿಗೆ ಅಸಲಿ ಹರಳಿನ ಹಾಗೆಯೇ ಕಿತ್ತಳೆ ಛಾಯೆಯಲ್ಲಿ ಹೊಳೆಯುವ ಪುಡಿಯೂ ಅವನ ಕಪಾಟಿನಲ್ಲಿತ್ತು. ಅಂಗಡಿಯ ಬೋರ್ಡುಗಳಿಗೆ ಹಚ್ಚುವುದು. ನಕಲಿ ಮುಗಿಯುತ್ತ ಬಂದಾಗ ಬೀರುವಿನ ಕಲ್ಲುಗಳನ್ನೆಲ್ಲ ಒರೆಸಿಕೊಂಡು ಬರುತ್ತೇನೆಂದು ಪೆಟ್ಟಿಗೆ ತುಂಬಿಕೊಂಡು ಬಂದ. ತನ್ನ ಕೆಲಸದ ಕೋಣೆಯಲ್ಲಿ ಅಸಲಿ, ನಕಲಿ ಎರಡನ್ನೂ ಅಕ್ಕಪಕ್ಕ ಇಟ್ಟ. ಬಿಸಿಲಲ್ಲಿ ನೋಡಿದ, ಟ್ಯೂಬಿನಲ್ಲಿ ನೋಡಿದ, ಹಳದಿ ಬಲ್ಬಿನಲ್ಲಿ, ನೀಲಿ ಟಾರ್ಚಿನಲ್ಲಿ ನೋಡಿದ. ಯಾವ ಬೆಳಕೂ ಚಾಡಿ ಹೇಳಲಿಲ್ಲ.

ದೀಪದಿಂದ ದೀಪಕ್ಕೆ ಹೋಗುವಾಗ ಅವನದೊಂದು ಕ್ರಮವಿತ್ತು. ಕಸುಬು ಕಲಿಸಿದವರು ಕೈಗೆ ಏಟು ಕೊಟ್ಟು ಕಲಿಸಿದ್ದು: ಗಾಜಿನ ಕೆಲಸದವನು ಕತ್ತಲಲ್ಲಿ ನಿಲ್ಲಬಾರದು, ಒಂದು ದೀಪ ಹೊತ್ತಿಸದೆ ಇನ್ನೊಂದನ್ನು ಆರಿಸಬಾರದು. ಅದನ್ನು ಅವನು ಜಪದ ಹಾಗೆ ಪಾಲಿಸಿಕೊಂಡು ಬಂದಿದ್ದ. ಒಡೆದ ಗಾಜಿನ ಮೇಲೆ ಎಂದೂ ಕಾಲಿಟ್ಟವನಲ್ಲ. ನೀಲಿ ಟಾರ್ಚನ್ನು ಆರಿಸುವ ಮೊದಲು ಟ್ಯೂಬು ಹಾಕಿದ. ಎರಡು ಹರಳುಗಳೂ ಅವಳಿಗಳ ಹಾಗೆ ಮೇಜಿನ ಮೇಲೆ ಕೂತಿದ್ದವು.

ಅಸಲಿಯನ್ನು ಸಾಣೆಗಾರನ ಬಳಿಗೆ ಒಯ್ದ. ನಿಂತು ನೋಡಿದ ಕೂಡ. ಚಕ್ರ ಕುಯ್ಗುಟ್ಟಿತು. ನೀರಿನ ಜೊತೆ ಗುಲಾಬಿ ಬಣ್ಣದ ಕೆಸರು ತೊಟ್ಟಿಗೆ ಇಳಿಯಿತು. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಒಂದು ಕ್ಷಣ ಕಾದ. ಏನೂ ಆಗಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿಕೊಂಡು ನೋಡುವ ಹಾಗಿತ್ತು.

"ಕಲ್ಲಿಗೆ ಜೀವ ಇಲ್ಲ ಬಿಡಿ, ಇದ್ದಿದ್ರೆ ಈ ಅಂಗಡೀಲಿ ಕೂರೋಕಾಗ್ತಿರಲಿಲ್ಲ" ಎಂದ ಸಾಣೆಗಾರ, ಕೈ ತೊಳೆಯುತ್ತ.

ಬೀರುವಿನ ಕೆಲಸವನ್ನು ಮಾತ್ರ ಅವನು ಪ್ರಾಮಾಣಿಕವಾಗಿ ಮಾಡಿದ. ಬಿಸಿಯಾಗದ ಸಣ್ಣ ದೀಪಗಳ ಪಟ್ಟಿಯನ್ನು ಹಲಗೆಯ ಅಂಚಿನ ಹಿಂದೆ, ಕಣ್ಣಿಗೆ ಬೀಳದಂತೆ ಕೂಡಿಸಿದ. ಲೋಹದ ಹೊಳಪಿರುವ ಕಲ್ಲುಗಳ ಹಿಂದೆ ಕಪ್ಪು ಬಟ್ಟೆ ಹಾಸಿ, ಪಾರದರ್ಶಕವಾದವಕ್ಕೆ ಕೆಳಗಿನಿಂದ ಬೆಳಕು ಬಿಟ್ಟ. ಒರಟು ಕಲ್ಲುಗಳಿಗೆ ಬೆಳಕು ಓರೆಯಾಗಿ ಬಂದು ಒಂದೊಂದು ಏರುತಗ್ಗೂ ಎದ್ದು ಕಾಣುವಂತೆ ಮಾಡಿದ. ನಡುವಣ ಹಲಗೆಯ ಹೊಸ ಪೀಠದ ಮೇಲೆ ನಕಲಿಯನ್ನು ಕೂರಿಸಿದ. ಬಾಗಿಲ ಸುತ್ತ ರಬ್ಬರಿನ ಪಟ್ಟಿ ಅಂಟಿಸಿ ಬೀಗ ಹಾಕಿ, ಬೀಗದ ಕೈಯನ್ನು ಅತ್ತಿಗೆಯ ಕೈಯಲ್ಲಿಟ್ಟ.

"ಇನ್ನು ನೀವು ಧೂಳು ಹುಡುಕೋ ಹಾಗಿಲ್ಲ ಅತ್ತಿಗೆ. ಒಳಗೆ ಗಾಳಿಯೂ ಹೋಗಲ್ಲ. ಇಲ್ಲಿಂದ ಹೋಗಿ ಇಲ್ಲಿಗೆ ಬರೋವರೆಗೂ ಕಲ್ಲುಗಳಿಗೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಸೋಕಿಲ್ಲ."

"ಧೂಳಾ?" ಎಂದರು ಅತ್ತಿಗೆ. ಏನೋ ಹೇಳಲು ಹೊರಟು ಸುಮ್ಮನೆ ನಕ್ಕರು. "ಸಂಜೆ ಇರು ಪುಟ್ಟ. ಒಟ್ಟಿಗೆ ನೋಡೋಣ."

ಸಂಜೆ ಅವನೇ ಗುಂಡಿ ಒತ್ತಿದ. ಬೀರು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಬೆಳಗಿತು. ಅಣ್ಣ ಒಂದೊಂದು ಹಲಗೆಯನ್ನೂ ನೋಡಿದ. ಆಮೇಲೆ ತಮ್ಮನ ಹೆಗಲ ಮೇಲೆ ಕೈ ಹಾಕಿದ.

"ಇಷ್ಟು ವರ್ಷ ನಾನು ಇವನ್ನೆಲ್ಲ ಕುರುಡನ ಹಾಗೆ ನೋಡಿದ್ದೆ ಕಣೋ" ಎಂದ. ಪೀಠದ ಮೇಲಿನ ಹರಳಿನ ಹತ್ತಿರಕ್ಕೆ ಬಗ್ಗಿ, ಉಸಿರಿನಿಂದ ಗಾಜು ಮಬ್ಬಾಗುವಷ್ಟು ಹೊತ್ತು ನೋಡಿದ. "ಬಣ್ಣ ತಿರುಗಿ ಬಂದಿದೆ ಅಲ್ವೇನೇ?"

"ಬಂದಿದೆ" ಎಂದರು ಅತ್ತಿಗೆ.

ಮುಗಿಯಿತು ಎಂದುಕೊಂಡ ಅವನು. ಗೆದ್ದೆ ಎಂದೂ ಅನಿಸಲಿಲ್ಲ. ಅತ್ತಿಗೆ ಪರದೆ ಎಳೆದು ನೀಲಿ ಟಾರ್ಚು ತಂದರು. ಅದಕ್ಕೂ ಅವನು ಸಿದ್ಧನಾಗಿದ್ದ. ಹರಳು ಕಿತ್ತಳೆಯಾಗಿ ಹೊಳೆಯಿತು, ಥೇಟು ಹಾಗೆಯೇ. ಟಾರ್ಚನ್ನು ಅವರು ಬಹಳ ಹೊತ್ತು, ಮಗುವಿಗೆ ಗುಟುಕು ಕುಡಿಸುವ ತಾಳ್ಮೆಯಿಂದ, ಅದರ ಮೇಲೇ ಹಿಡಿದರು.

"ಈಗ ದೀಪ ಎಲ್ಲಾ ಆರಿಸು ಪುಟ್ಟ."

"ಎಲ್ಲಾನಾ? ಪೂರ್ತಿ ಕತ್ತಲಾಗುತ್ತೆ ಅತ್ತಿಗೆ."

"ಕತ್ತಲಾಗಲಿ ಅಂತಲೇ ಕಣಪ್ಪ."

ಅಣ್ಣ ನಕ್ಕ. "ಇವನು ಇದನ್ನ ನೋಡೇ ಇಲ್ಲ ಕಣೇ! ಜೀವಮಾನವೆಲ್ಲ ದೀಪ ಹಿಡಿದ, ಒಂದು ಸಲವಾದ್ರೂ ಆರಿಸಿ ನೋಡಿದ್ನಾ?"

ಅವನು ಗುಂಡಿ ಒತ್ತಿದ. ಟಾರ್ಚೂ ಆರಿತು. ಕತ್ತಲಲ್ಲಿ ಅತ್ತಿಗೆಯ ದನಿ ಎಂದಿನದಕ್ಕಿಂತ ಎಳೆಯದಾಗಿ ಕೇಳಿಸಿತು. "ಮಗುಗೆ ಕತ್ತಲೆ ಅಂದ್ರೆ ಜೀವ ಹೋಗೋಷ್ಟು ಭಯ ಇತ್ತು ಪುಟ್ಟ. ಆಗ ಇದನ್ನ ಅವಳ ದಿಂಬಿನ ಹತ್ರ ಇಡ್ತಿದ್ವಿ. ಕುಡಿದ ಬೆಳಕನ್ನ ಈ ಹರಳು ತಕ್ಷಣ ಬಿಡಲ್ಲ. ದೀಪ ಆರಿಸಿದ ಮೇಲೂ ಸ್ವಲ್ಪ ಹೊತ್ತು ತಾನೇ ಮಿಣುಕ್ತಾ ಇರುತ್ತೆ. ಅದು ಆರೋದ್ರೊಳಗೆ ಅವಳಿಗೆ ನಿದ್ದೆ ಬಂದಿರೋದು. ಅವಳು ಹೋದ ಮೇಲೂ ದಿನಾ ಸಂಜೆ ನಾನು... ನೋಡು, ಈಗ..." ದನಿ ಅಲ್ಲಿಗೇ ನಿಂತಿತು. ಕೋಣೆಯಲ್ಲಿ ಎಲ್ಲಿಯೂ ಏನೂ ಮಿಣುಕುತ್ತಿರಲಿಲ್ಲ. ಅತ್ತಿಗೆ ಇನ್ನೊಮ್ಮೆ ಟಾರ್ಚು ಹಿಡಿದರು, ಇನ್ನೊಮ್ಮೆ ಆರಿಸಿದರು. ಹರಳು ಟಾರ್ಚಿನ ಜೊತೆಗೇ ಆರಿತು, ಅಂಗಡಿಯ ಬೋರ್ಡಿನ ಹಾಗೆ. ಅವನ ಹೆಗಲ ಮೇಲಿದ್ದ ಅಣ್ಣನ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. "ಪುಟ್ಟ, ದೀಪ ಹಾಕು" ಎಂದ ಅಣ್ಣ. ಗುಂಡಿ ಅವನ ಬೆರಳಿನ ಪಕ್ಕದಲ್ಲೇ ಇತ್ತು, ತಾನೇ ಕೂಡಿಸಿದ್ದು. ಕೈ ಏಳಲಿಲ್ಲ.