ಮೊಂಡಿ ತಡೆದ ಬ್ಯಾಗು

"ಆನ್ ಮಾಡಿ."

"ಚಾರ್ಜ್ ಇಲ್ಲ ಮೇಡಂ."

"ಚಾರ್ಜರ್ ನಾನು ಕೊಡ್ತೀನಿ. ಆನ್ ಮಾಡಿ."

ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಆಚೆ ನಿಂತಿದ್ದವನು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ನಕ್ಕ. ಎಂಥ ನಗು ಅಂತೀರಿ... ಬೇರೆ ಯಾರಾದರೂ ಆಗಿದ್ದರೆ ಕೈಗೊಂದು ಲೋಟ ನೀರು ಕೊಟ್ಟು, ಹುಷಾರಾಗಿ ಹೋಗಿ ಬನ್ನಿ ಎಂದು ಒಳಗೆ ಬಿಡುತ್ತಿದ್ದರು. ಆದರೆ ಈಚೆ ನಿಂತಿದ್ದವಳು ಮೊಂಡಿ.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಹೋದ್ಯೋಗಿಗಳು ಅದನ್ನು ಮರೆತು ಬಹಳ ಕಾಲವಾಗಿತ್ತು.

ಚಾರ್ಜರ್ ಚುಚ್ಚಿದರೂ ಪರದೆ ಬೆಳಗಲಿಲ್ಲ. ಅವನ ನಗು ಮಾಯವಾಯಿತು.

"ಇವತ್ತು ನಮ್ಮಪ್ಪಂಗೆ ಆಪರೇಷನ್. ಈ ವಿಮಾನ ತಪ್ಪಿದ್ರೆ..." ಎಂದವನ ಕಣ್ಣು ತುಂಬಿಬಂತು.

ಮೊಂಡಿಯ ಎದೆ ಚುರ್ ಎಂದಿತು. 'ಅಯ್ಯೋ ದೇವರೇ, ಆ ಹಿರಿಯರಿಗೆ ಏನೂ ಆಗದಿರಲಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಹಿಂದಿನಿಂದ ಸೂಪರ್‌ವೈಸರ್ ಬಂದರು. "ಬಿಡಮ್ಮ, ಪಾಪ. ಸಾಲು ನೋಡು, ಬಾಗಿಲಾಚೆ ಹೋಗಿದೆ."

"ಇದು ಆನ್ ಆಗೋವರೆಗೂ ಬಿಡಲ್ಲ ಸರ್."

ಲ್ಯಾಪ್‌ಟಾಪನ್ನು ತಿರುವಿ ಹಾಕಿ ತಿರುಪು ಬಿಚ್ಚಿಸಿದಳು. ಬ್ಯಾಟರಿ ಇರಬೇಕಾದ ಜಾಗದಲ್ಲಿ ಜೇಡಿಮಣ್ಣಿನ ಗಟ್ಟಿ ಇತ್ತು. ನಾಲ್ಕು ಜನ ಕಾವಲಿನವರು ಓಡಿ ಬಂದರು.

ಅವನೋ, ಕಣ್ಣೊರೆಸಿಕೊಂಡು ಆರಾಮವಾಗಿ ಜೇಬಿನಿಂದ ಗುರುತಿನ ಚೀಟಿ ತೆಗೆದ. ಸಿಬ್ಬಂದಿಯ ಎಚ್ಚರವನ್ನು ನೋಡಲು ಪ್ರಯಾಣಿಕರ ವೇಷದಲ್ಲಿ ಬರುವ ಇಲಾಖೆಯ ಪರೀಕ್ಷಕ ಅವನು! ಸ್ಫೋಟಕದಂತೆ ಕಾಣುವ ಮಣ್ಣನ್ನು ಅಡಗಿಸಿ ತರುವುದು, ಸುಳ್ಳು ಹೇಳುವುದು, ಬೇಕಾದರೆ ಅಳುವುದು... ಎಲ್ಲಕ್ಕೂ ಅವನಿಗೆ ಸಂಬಳ.

"ಪಾಸಾದ್ರಿ ಮೇಡಂ. ಅಭಿನಂದನೆ."

"ನಿಮ್ಮಪ್ಪ?"

"ಚೆನ್ನಾಗಿದಾರೆ. ಈಗ ಗಿಡಕ್ಕೆ ನೀರು ಹಾಕ್ತಿರ್ತಾರೆ."

ಮೊಂಡಿಗೆ ನಖಶಿಖಾಂತ ಉರಿಯಿತು. "ನಾಚಿಕೆ ಆಗಲ್ವಾ ನಿಮಗೆ? ನಾನು ನಿಜವಾಗ್ಲೂ ಅವರಿಗೋಸ್ಕರ ಹೆದರಿದ್ದೆ."

"ಹೆದರಿದ್ರೂ ಬಿಡಲಿಲ್ವಲ್ಲ?"

"ಹೆದರೋದು ಬೇರೆ, ಬಿಡೋದು ಬೇರೆ."

ಊರೂರು ಸುತ್ತಿ ಸುಳ್ಳು ಹೇಳಿದವನಿಗೆ ಆ ದಿನ ಮೊದಲ ಬಾರಿ ತನ್ನ ಸುಳ್ಳಿನ ಮೇಲೆ ಅಸಹ್ಯವಾಯಿತು. ಅದೇ ಗಳಿಗೆಯಲ್ಲಿ ಈ ಮೊಂಡಿಯ ಮೇಲೆ ಮನಸ್ಸೂ ಆಯಿತು. ಎರಡೂ ಒಟ್ಟಿಗೆ ಆಗುತ್ತವೆಯೇ ಎಂದು ನನ್ನನ್ನು ಕೇಳಬೇಡಿ, ಅವನಿಗೆ ಆಯಿತು.

ಮರುದಿನ ಸಿಬ್ಬಂದಿ ಕ್ಯಾಂಟೀನಿನಲ್ಲಿ ಅವನು ಎರಡು ಲೋಟ ಟೀ ಹಿಡಿದು ಅವಳ ಮುಂದೆ ನಿಂತ.

"ಕ್ಷಮಿಸಿ ಅಂತ ಹೇಳೋಕೆ ಬಂದೆ."

"ಇದೂ ಟೆಸ್ಟಾ?"

"ಅಲ್ಲ. ಇನ್ಮೇಲೆ ನಿಮ್ಮ ಸಾಲಿಗೆ ಯಾವ ಟೆಸ್ಟೂ ತರಲ್ಲ. ಆಫೀಸಲ್ಲಿ ಹೇಳಿ ಬಂದಿದೀನಿ. ನಿಮ್ಮ ಹತ್ರ ಸುಳ್ಳು ಹೇಳೋಕೆ ನನ್ನಿಂದಾಗಲ್ಲ."

ಆ ಮಾತನ್ನು ಅವಳು ಜೋಪಾನವಾಗಿ ಇಟ್ಟುಕೊಂಡಳು. ಟೀ ಮಾತ್ರ ತಣ್ಣಗಾಗಿದೆ ಎಂದು ಗೊಣಗಿದಳು.

ಅಲ್ಲಿಂದ ಶುರುವಾಯಿತು ನೋಡಿ. ಬೇರೆ ಸಾಲುಗಳಲ್ಲಿ ಕೆಲಸ ಮುಗಿಸಿ ಅವನು ಕ್ಯಾಂಟೀನಿಗೆ ಬರುವುದು, ಇವಳು ಹೋಗುವುದಿಲ್ಲ ಎಂದುಕೊಂಡೇ ಹೋಗುವುದು. ನರ್ಸ್ ಆಗಿರುವ ತನ್ನ ಅಕ್ಕನ ಕಥೆ ಅವನು ಹೇಳಿದ. ತಾಯಿ ಸತ್ತ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಆ ಅಕ್ಕನೇ.

ಮೊಂಡಿಯ ಮನೆಯಲ್ಲಿ ಅಮ್ಮನಿಗೆ ವಾಸನೆ ಹತ್ತಿತು.

"ಸುಳ್ಳು ಹೇಳಿ ಸಂಬಳ ತಗೊಳ್ಳೋನು ಮನೇಲಿ ನಿಜ ಹೇಳ್ತಾನೇನೇ?"

"ಮನೇಲಿ ಸಂಬಳ ಕೊಡಲ್ವಲ್ಲಮ್ಮ. ಬಿಟ್ಟಿಗೆ ಯಾರು ಸುಳ್ಳು ಹೇಳ್ತಾರೆ?"

ಅಮ್ಮ ನಕ್ಕಳು. ಮಗಳು ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದಳು. ಪ್ರೀತಿ ಎಂಬ ಮಾತನ್ನು ಅವಳೂ ಆಡಿರಲಿಲ್ಲ, ಅವನೂ ಆಡಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಅಷ್ಟೇ.

ಹೀಗಿರುವಾಗ ಒಂದು ಬೆಳಗ್ಗೆ ಮೊಂಡಿ ಎಕ್ಸ್‌ರೇ ಪರದೆಯ ಮುಂದೆ ಕೂತಿದ್ದಳು. ಬ್ಯಾಗೊಂದು ಒಳಗೆ ಬಂತು. ಅದರೊಳಗೆ ಲ್ಯಾಪ್‌ಟಾಪು. ಬ್ಯಾಟರಿಯ ಜಾಗದಲ್ಲಿ, ಸ್ಫೋಟಕ ಕಾಣುವಂಥದ್ದೇ ಕಿತ್ತಳೆ ಬಣ್ಣದ ದಪ್ಪ ಗಟ್ಟಿ.

ಬೆಲ್ಟ್ ನಿಲ್ಲಿಸಿ ತಲೆಯೆತ್ತಿದಳು.

ಅವನು!

ಕೆದರಿದ ಕೂದಲು, ಗುಂಡಿ ತಪ್ಪಿ ಹಾಕಿದ ಅಂಗಿ. "ಅಯ್ಯೋ... ಅದು ಆಫೀಸಿನ ಬ್ಯಾಗು. ಗಡಿಬಿಡೀಲಿ ತಪ್ಪಿ ಅದನ್ನೇ ಎತ್ಕೊಂಡು ಬಂದುಬಿಟ್ಟಿದೀನಿ. ಅಕ್ಕನಿಗೆ ಹೆರಿಗೇಲಿ ತೊಂದರೆ ಆಗಿದೆ, ಭಾವ ಫೋನ್ ಮಾಡಿದ್ರು. ಬ್ಯಾಗ್ ನೀವೇ ಇಟ್ಕೊಳ್ಳಿ, ನನ್ನ ಬಿಟ್ಟುಬಿಡಿ. ಕೈ ಮುಗೀತೀನಿ."

ಅವನ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಹೋದ ಸಲವೂ ಇಳಿದಿತ್ತಲ್ಲ!

'ನನ್ನ ಸಾಲಿಗೆ ಟೆಸ್ಟ್ ತರಲ್ಲ ಅಂದಿದ್ದ. ಟೀ ಕುಡಿಸಿ, ಅಕ್ಕನ ಕಥೆ ಹೇಳಿ, ನನ್ನ ಮನಸ್ಸು ಮೆತ್ತಗಾಗಿದೆಯೋ ಇಲ್ಲವೋ ಅಂತ ಇವತ್ತು ನೋಡೋಕೆ ಬಂದಿದ್ದಾನೆ. ಇಷ್ಟು ದಿನ ನಡೆದಿದ್ದೆಲ್ಲ ಇದಕ್ಕೇನಾ...'

ಅಳುವ ಬದಲು ಮೊಂಡಿ ನಕ್ಕಳು.

"ಕಳೆದ ಸಲಕ್ಕಿಂತ ಚೆನ್ನಾಗಿ ಅಳ್ತೀರಿ."

ಅವನು ಕೆನ್ನೆಗೆ ಏಟು ಬಿದ್ದವನಂತೆ ನಿಂತ.

ಸೂಪರ್‌ವೈಸರ್ ಓಡಿ ಬಂದರು. "ಏ, ಇವರು ನಮ್ಮವರೇ ಅಲ್ವೇನಮ್ಮ?"

"ನಮ್ಮವರು ಅಂತ ಗೊತ್ತಿದ್ದಾಗಲೇ ಸರ್ ಎರಡು ಸಲ ನೋಡ್ಬೇಕಾಗಿರೋದು," ಎಂದವಳೇ ಎಚ್ಚರಿಕೆಯ ಕೆಂಪು ಗುಂಡಿ ಒತ್ತಿದಳು.

ಒಮ್ಮೆ ಆ ಗುಂಡಿ ಒತ್ತಿದರೆ ಮುಗಿಯಿತು. ಬ್ಯಾಗು ತೆರೆದು ನೋಡಿ, ಅವನ ಆಫೀಸಿನಿಂದ ಉತ್ತರ ಬರುವವರೆಗೆ ಯಾರೂ ಬಿಡುವಂತಿಲ್ಲ. ಅವನನ್ನು ಪಕ್ಕದ ಗಾಜಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದರು. ಫೋನನ್ನೂ ತೆಗೆದು ಟ್ರೇಯಲ್ಲಿಟ್ಟರು.

ಟ್ರೇಯಲ್ಲಿ ಫೋನು ನಡುಗಿತು. ಪರದೆಯ ಮೇಲೆ 'ಭಾವ' ಎಂದಿತ್ತು. ನಿಂತಿತು. ಮತ್ತೆ ನಡುಗಿತು.

'ಅದನ್ನೂ ಹೊಂದಿಸಿಕೊಂಡು ಬಂದಿದ್ದಾನೆ' ಎಂದುಕೊಂಡು ಮೊಂಡಿ ಪರದೆಯ ಕಡೆಗೆ ತಿರುಗಿದಳು. ಫೋನು ನಡುಗುತ್ತಲೇ ಇತ್ತು. ಗಾಜಿನಾಚೆ ಅವನು ಅದನ್ನೇ ನೋಡುತ್ತ ಕೂತಿದ್ದ.

ಉತ್ತರ ಬರುವಷ್ಟರಲ್ಲಿ ವಿಮಾನ ಹೋಗಿಯಾಗಿತ್ತು.

"ಇವತ್ತು ಟೆಸ್ಟೇ ಇಲ್ಲವಂತೆ," ಎಂದರು ಸೂಪರ್‌ವೈಸರ್, ಸಣ್ಣ ದನಿಯಲ್ಲಿ. "ಬೆಳಗ್ಗೆ ಅಕ್ಕನ ವಿಷಯ ಹೇಳಿ ರಜೆ ತಗೊಂಡಿದಾನಂತೆ."

ಮೊಂಡಿ ಕುರ್ಚಿಯಿಂದ ಎದ್ದಳು. ಅವನು ಹೊರಗೆ ಬಂದ, ಫೋನೆತ್ತಿಕೊಂಡ, ಅವಳಿದ್ದ ದಿಕ್ಕಿಗೂ ನೋಡದೆ ಬಸ್ಸು ಹಿಡಿಯಲು ಓಡಿದ.

ಆಮೇಲೆ ಎಲ್ಲರೂ ಬುದ್ಧಿ ಹೇಳುವವರೇ.

"ಇವರು ನಮ್ಮವರೇ ಅಂತ ನಾನು ಅಂದೆ ತಾನೇ? ಇರೋದು ಮಣ್ಣು. ಬಿಟ್ಟಿದ್ರೆ ಗಂಟೇನು ಹೋಗ್ತಿತ್ತು?" ಎಂದರು ಸೂಪರ್‌ವೈಸರ್. "ಹೋಗಿ ಕಾಲಿಗೆ ಬಿದ್ದು, ತಡೆದಿದ್ದು ತಪ್ಪಾಯ್ತು ಅನ್ನು."

"ಮಣ್ಣು ಅಂತ ತೆರೆದ ಮೇಲೆ ಗೊತ್ತಾಯ್ತು ಸರ್. ತೆರೆಯೋ ಮುಂಚೆ ನಿಮಗೆ ಗೊತ್ತಿತ್ತಾ?"

ಅವರು ತಲೆ ಕೆರೆದುಕೊಂಡರು.

"ತಡೆದಿದ್ದು ತಪ್ಪು ಅಂತ ಸತ್ತರೂ ಹೇಳಲ್ಲ," ಎಂದಳು ಮೊಂಡಿ. ಶೌಚಾಲಯದ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ. ಅಕ್ಕ ಬದುಕಿದ್ದಾಳೋ ಇಲ್ಲವೋ... ಯಾರನ್ನು ಕೇಳುವುದು? ಬೆಳಗಾಗುತ್ತಲೇ ಮೊಂಡಿ ಬಸ್ಸು ಹತ್ತಿದಳು. ಅಕ್ಕ ಕೆಲಸ ಮಾಡುವ ಆಸ್ಪತ್ರೆ ಯಾವುದೆಂದು ಗೊತ್ತಿತ್ತು, ಹೆರಿಗೆಯೂ ಅಲ್ಲೇ ಇರಬೇಕು ಎಂದುಕೊಂಡಳು.

ಹೆರಿಗೆ ವಾರ್ಡಿನ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಅವನೊಬ್ಬನೇ ಕೂತಿದ್ದ. ನಿನ್ನೆಯ ಅಂಗಿ, ತಪ್ಪಿದ ಗುಂಡಿ ಹಾಗೇ ಇತ್ತು.

ಅವಳು ಅವನ ಮುಂದೆ ಹೋಗಿ ನಿಂತಳು. "ಅಕ್ಕ..."

"ಇದಾಳೆ."

ಮೊಂಡಿ ಅರೆ ತೆರೆದಿದ್ದ ವಾರ್ಡಿನ ಬಾಗಿಲ ಕಡೆ ನೋಡಿದಳು.

"ಮಗೂನೂ ಇದೆ. ರಕ್ತ ಬೇಕಾಗಿತ್ತು. ನಂದೂ ಅವಳದ್ದೂ ಒಂದೇ ಗುಂಪು, ಅದಕ್ಕೇ ಭಾವ ಅಷ್ಟು ಸಲ ಫೋನ್ ಮಾಡಿದ್ದು. ನಾನು ಸಿಗಲಿಲ್ಲ. ಅವರೇ ಎಲ್ಲೆಲ್ಲೋ ಅಲೆದು ತಂದ್ರು." ಅವನ ದನಿ ಒಡೆಯಿತು. "ಸಿಗದೇ ಇದ್ದಿದ್ರೆ?"

ಅವಳಿಗೆ ಹೇಳಬೇಕಾದ ಮಾತೊಂದಿತ್ತು. ಅದನ್ನು ನುಂಗಿಕೊಂಡು ಬರೀ ಅತ್ತುಬಿಟ್ಟಿದ್ದರೆ ಅವಳು ಮೊಂಡಿ ಹೇಗಾದಾಳು?

"ನಿಮ್ಮನ್ನ ತಡೆದಿದ್ದಕ್ಕೆ ನಾನು ಕ್ಷಮೆ ಕೇಳಲ್ಲ," ಎಂದಳು. "ಆ ಪರದೆ ಮೇಲೆ ಅದು ಕಂಡ ಮೇಲೆ ನನ್ನ ಹೆತ್ತಮ್ಮ ಬಂದಿದ್ರೂ ತಡೀತಿದ್ದೆ. ಆದ್ರೆ ನಕ್ಕೆನಲ್ಲ... ಅದಕ್ಕೆ ಕೇಳ್ತೀನಿ. ನಿಮ್ಮ ಕಣ್ಣೀರನ್ನ ನಂಬಲಿಲ್ವಲ್ಲ, ಅದಕ್ಕೆ ಕೇಳ್ತೀನಿ. ನೀವು ಕ್ಷಮಿಸದಿದ್ರೂ ಸರಿ, ಹೇಳಿ ಹೋಗ್ತೀನಿ."

ಅವನು ತಲೆಯೆತ್ತಿದ.

"ತಡೆದಿದ್ದಕ್ಕೆ ನಂಗೆ ಸಿಟ್ಟಿಲ್ಲ. ತಪ್ಪು ಬ್ಯಾಗು ತಂದವನು ನಾನೇ. ಆದ್ರೆ ಮೊದಲ ಸಲ ಸುಳ್ಳು ಹೇಳಿದಾಗ ನಂಬಿ ಹೆದರಿದ್ರಿ. ನಿನ್ನೆ ನಿಜ ಹೇಳಿದಾಗ ನಕ್ಕಿರಿ. ಆ ಗಾಜಿನ ಕೋಣೇಲಿ ಕೂತು ನಾನು ಅದೊಂದೇ ಯೋಚಿಸ್ತಿದ್ದೆ. ನಂಗೆ ಈ ಲೋಕದಲ್ಲಿ ಯಾರೂ ಇಲ್ಲ ಅನ್ನಿಸಿಬಿಡ್ತು."

ಮೊಂಡಿಯ ಕಣ್ಣಿಂದ ನೀರು ದಳದಳನೆ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ವಾರ್ಡಿನ ಒಳಗಿನಿಂದ ಸೋತ ದನಿಯೊಂದು ಬಂತು. "ಯಾರೋ ಅದು? ನಿನ್ನ ಹಿಡಿದು ಕೂರಿಸಿದ ಹುಡುಗೀನಾ?"

"ಹೂಂ ಅಕ್ಕ."

"ಸದ್ಯ. ಚಿಕ್ಕಂದಿನಿಂದ ನಿನ್ನ ನಾನೊಬ್ಬಳೇ ಹಿಡೀತಿದ್ದೆ, ಸಾಕಾಗಿತ್ತು. ಅಳಿಸಬೇಡ, ಕೂತ್ಕೊಳ್ಳೋಕೆ ಹೇಳು."

ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು. ಅವನು ಮುಖ ಒರೆಸಿಕೊಂಡು ಅವಳನ್ನೇ ದಿಟ್ಟಿಸಿದ.

"ನಾಳೆ ಮತ್ತೆ ಅಂಥದ್ದೇ ಬ್ಯಾಗು ತಗೊಂಡು ಬಂದ್ರೆ?"

"ತಡೀತೀನಿ."

"ಅಳ್ತಾ ಬಂದ್ರೆ?"

"ಆಗ್ಲೂ ತಡೀತೀನಿ. ಆಮೇಲೆ ಪರದೆ ಮುಂದೆ ಬೇರೆಯವರನ್ನ ಕೂರಿಸಿ, ನಾನು ಗಾಜಿನ ಕೋಣೆಗೆ ಬಂದು ನಿಮ್ಮ ಪಕ್ಕ ಕೂತ್ಕೋತೀನಿ. ಅವರು ನಿಮ್ಮನ್ನ ಬಿಡೋವರೆಗೂ ಅಲ್ಲಿಂದ ಏಳಲ್ಲ. ಯಾರು ಏನು ಬೇಕಾದ್ರೂ ಅಂದುಕೊಳ್ಳಲಿ."

ಅವನು ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ಅವಳು ಕೂತಳು.

"ನಾನು ನಿಮ್ಮನ್ನ ಪ್ರೀತಿಸ್ತೀನಿ," ಎಂದಳು, ಎದುರಿನ ಗೋಡೆ ನೋಡುತ್ತ. "ನಿನ್ನೆ ಹಾಗೆ ಮಾಡಿದವಳು ಇವತ್ತು ಹೀಗಂದ್ರೆ ನಂಬೋಕೆ ಕಷ್ಟ. ಗೊತ್ತು."

"ನಂಬಿದೆ," ಎಂದ ಅವನು. ಒಂದು ಕ್ಷಣವೂ ಯೋಚಿಸಲಿಲ್ಲ.