ಅಂಗಿಯ ಮೇಲಿನ ಕಂಡಕ್ಟರ್

"ಈ ಟೀ ಶರ್ಟ್... ಎಲ್ಲಿಂದ ತೆಗೊಂಡ್ರಿ?"

ಕೇಳಿದ ಮೇಲೆ ನಿರೀಕ್ಷಾಳಿಗೇ ಗಾಬರಿಯಾಯಿತು. ನಂತೂರಿನ ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂತು ಅವಳು ಒಬ್ಬ ಗಿರಾಕಿಯ ಎದೆಯನ್ನು ಹೀಗೆ ದಿಟ್ಟಿಸಿದ್ದು ಅದೇ ಮೊದಲು!

ಎದುರು ನಿಂತಿದ್ದ ಯುವಕ ತಬ್ಬಿಬ್ಬಾದ. ಕೈಯಲ್ಲಿದ್ದ ಪಾರ್ಸೆಲನ್ನು ಎದೆಗೆ ಅಡ್ಡ ಹಿಡಿದುಕೊಂಡ.

"ಇದಾ? ಇದು... ಮಾಡಿಸಿದ್ದು."

"ಯಾರು ಮಾಡಿಸಿದ್ದು?"

"ನಾನೇ. ಯಾಕೆ?"

"ಸುಮ್ಮನೆ ಕೇಳಿದೆ. ಚಿತ್ರ ತಮಾಷೆ ಉಂಟು."

"ಅದು ನಮ್ಮ ಮನೆಯ ವಿಷಯ" ಎಂದಷ್ಟೇ ಹೇಳಿ, ದುಬೈಗೆ ಹೋಗಬೇಕಾದ ಪಾರ್ಸೆಲ್ ಕೊಟ್ಟು ಹೊರಟುಹೋದ. ರಶೀದಿಯಲ್ಲಿ ಅವನ ಹೆಸರಿತ್ತು. ಶೈಲೇಶ್, ಜೆಪ್ಪು.

ಮನೆಯ ವಿಷಯವಂತೆ! ನಿರೀಕ್ಷಾಳ ಕಿವಿ ಬಿಸಿಯಾಯಿತು.

ಏಕೆಂದರೆ ಆ ಚಿತ್ರ ಅವಳದು! ಎಂಟು ಕೈಗಳ ಸಿಟಿ ಬಸ್ ಕಂಡಕ್ಟರ್. ಒಂದು ಕೈಯಲ್ಲಿ ಟಿಕೆಟು, ಇನ್ನೊಂದರಲ್ಲಿ ವಿಸಿಲು, ಮತ್ತೆರಡು ಕೈಗಳು ಜನರನ್ನು ಹಿಂದೆ ತಳ್ಳುತ್ತಿದ್ದರೆ ಒಂದು ಕೈ ತನ್ನದೇ ಬೆನ್ನು ತುರಿಸುತ್ತಿತ್ತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆಫೀಸಿನ ಹಳೆಯ ಕಂಪ್ಯೂಟರಿನಲ್ಲಿ ಅವಳು ಹೀಗೆ ಏನೇನೋ ಬಿಡಿಸುತ್ತಿದ್ದಳು. ಚಿತ್ರ ಬಿಡಿಸಲು ಅದರಲ್ಲಿದ್ದದ್ದು ಮಕ್ಕಳು ಗೀಚುವ 'ಪೇಂಟ್' ಎಂಬ ಪ್ರೋಗ್ರಾಂ ಒಂದೇ. ಮೌಸ್ ಹಿಡಿದು ಎಳೆದರೆ ಗೆರೆ ನಡುಗುತ್ತಿತ್ತು, ಮೂಗು ಕಿವಿಯ ಹತ್ತಿರ ಹೋಗುತ್ತಿತ್ತು. ಗೆರೆಯಲ್ಲಿ ಸಣ್ಣ ತೂತು ಉಳಿದರೂ ಸಾಕು, ಸುರಿದ ಬಣ್ಣ ಸೋರಿ ಇಡೀ ಆಕಾಶವೇ ಕೆಂಪಾಗುತ್ತಿತ್ತು. ಜನರಿಗೆ ಆ ಸೊಟ್ಟತನವೇ ಇಷ್ಟ. ಇನ್‌ಸ್ಟಾಗ್ರಾಮಿನಲ್ಲಿ 'ಸೊಟ್ಟ ಮೂತಿ' ಎಂಬ ಹೆಸರಿನಲ್ಲಿ ಹಾಕುತ್ತಿದ್ದಳು. ಬಿಡಿಸುವವಳು ಯಾರೆಂದು ಪಕ್ಕದ ಕೌಂಟರಿನ ಫಾಯಿಝಾಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಫಾಯಿಝಾ, ನೋಡಿದೆಯಾ? ಚಿತ್ರದ ಕೆಳಗೆ ನಾನು ಬರೆದ 'ಸೊಟ್ಟ ಮೂತಿ' ಇಲ್ಲವೇ ಇಲ್ಲ! ಹೆಸರು ಕತ್ತರಿಸಿ ಹಾಕಿದ್ದಾನೆ!"

"ನಿನಗೆ ಹೇಗೆ ಗೊತ್ತು ಮಾರಾಯ್ತಿ? ಕೇಳಿ ನೋಡು ಸರಿಯಾಗಿ."

"ಕಳ್ಳನ ಹತ್ತಿರ ಕೇಳಿದರೆ ಕದ್ದಿದ್ದೇನೆ ಅಂತ ಹೇಳ್ತಾನಾ?"

ಕೆಲವು ದಿನ ಬಿಟ್ಟು ಅವನು ಮತ್ತೆ ಬಂದ. ಈ ಸಲ ಅಂಗಿಯ ಮೇಲೆ ಬೆಕ್ಕಿನೊಡನೆ ಚೌಕಾಸಿ ಮಾಡುವ ಮೀನು ಮಾರುವ ಹೆಂಗಸು. ಅದೂ ಅವಳದೇ! ಅದರಲ್ಲೂ ಹೆಸರಿಲ್ಲ!

ಪಾರ್ಸೆಲನ್ನು ಒತ್ತಿ ನೋಡಿದಳು. ಮೆತ್ತಗಿತ್ತು.

"ಒಳಗೆ ಎಂತ ಉಂಟು?"

"ಬಟ್ಟೆ. ಟೀ ಶರ್ಟ್."

"ತುಂಬ ಮಾಡಿಸ್ತೀರಾ?"

ಅವನು ನಕ್ಕ. "ಯಾಕೆ, ನಿಮಗೂ ಬೇಕಾ? ಹೇಳಿ, ಒಂದು ಮಾಡಿಸಿ ಕೊಡ್ತೇನೆ."

ನಗುವಾಗ ಅವನ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿತ್ತು. ಅದನ್ನು ನೋಡುತ್ತಾ ನಿಂತ ತನ್ನ ಮೇಲೆ ನಿರೀಕ್ಷಾಳಿಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಚಿತ್ರವನ್ನು ನನಗೇ ಮಾರಲು ಬಂದಿದ್ದಾನೆ... ಎಷ್ಟು ಧೈರ್ಯ!

ಆ ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಪೇಂಟ್ ತೆರೆದಳು. ಕನ್ನಡಕ ಹಾಕಿದ ಒಂದು ಇಲಿ. ನೆತ್ತಿಯ ಮೇಲೆ ಅವನದೇ ನಿಗುರಿದ ಕೂದಲು, ಎಡಗೆನ್ನೆಯಲ್ಲಿ ಅವನದೇ ಗುಳಿ, ಮೈಮೇಲೆ ಎಂಟು ಕೈಗಳ ಕಂಡಕ್ಟರಿರುವ ಅಂಗಿ. ಕೆಳಗೆ ಬರೆದಳು: 'ಕದ್ದ ಅಂಗಿ, ಮೈಗೆ ಚಂದ!'

ಸಂಜೆಯೊಳಗೆ ಊರೆಲ್ಲ ಅದನ್ನು ಹಂಚಿಕೊಂಡಿತು. ಯಾರೋ ಬರೆದಿದ್ದರು, 'ಇದು ನಮ್ಮ ಗಣಿತದ ಸರ್ ಅಲ್ವಾ?'

ಅದನ್ನು ಓದಿದಾಗ ನಿರೀಕ್ಷಾಳ ಎದೆಯಲ್ಲಿ ಎಲ್ಲೋ ಚುಳ್ಳೆಂದಿತು. ಆಗಲಿ, ಬುದ್ಧಿ ಬರಲಿ... ಎಂದುಕೊಂಡಳು.

ಆಮೇಲೆ ಶೈಲೇಶ್ ಕೌಂಟರಿಗೆ ಬರಲಿಲ್ಲ. ಗೆದ್ದಿದ್ದೇನೆ ಎಂದುಕೊಂಡರೂ, ಬಾಗಿಲು ಕಿರುಗುಟ್ಟಿದಾಗಲೆಲ್ಲ ಅವಳ ಕಣ್ಣು ಅತ್ತ ಹೋಗುತ್ತಿತ್ತು.

ಹಾಗಿರುವಾಗ ಅವನ ಎರಡನೇ ಪಾರ್ಸೆಲ್ ವಾಪಸು ಬಂತು. ಈ ಸಲ ದುಬೈಯ ವಿಳಾಸ ಬರೆಯುವಾಗ ತಪ್ಪಾಗಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ.

"ನಾನೇ ಕೊಟ್ಟು ಬರ್ತೇನೆ" ಎಂದಳು ನಿರೀಕ್ಷಾ.

"ಕೊಡ್ಲಿಕ್ಕಾ, ಹಿಡೀಲಿಕ್ಕಾ?" ಫಾಯಿಝಾ ಹುಬ್ಬೇರಿಸಿದಳು.

"ಎರಡಕ್ಕೂ!"

ಜೆಪ್ಪುವಿನ ಆ ಮನೆಯ ಗೇಟು ತೆರೆದಾಗ ಮೊದಲು ಕಂಡದ್ದು ಬಟ್ಟೆ ಒಣಗಿಸುವ ಹಗ್ಗ. ಅದರ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಟೀ ಶರ್ಟುಗಳು. ಎಲ್ಲವೂ ಅವಳ ಚಿತ್ರಗಳೇ! ಸಿಕ್ಕಿಬಿದ್ದ ಕಳ್ಳ, ಎಂದು ಹತ್ತಿರ ಹೋದವಳು ಹಾಗೇ ನಿಂತುಬಿಟ್ಟಳು.

ಪ್ರತಿ ಅಂಗಿಯ ಬುಡದಲ್ಲೂ, ಅಂಚಿಗೆ ತಾಗಿದಂತೆ, ಸ್ಪಷ್ಟವಾಗಿ 'ಸೊಟ್ಟ ಮೂತಿ' ಎಂದಿತ್ತು.

ಅವನು ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡು ಬರುತ್ತಿದ್ದ! ಹೆಸರು ಅವನ ಬೆಲ್ಟಿನ ಒಳಗಿತ್ತು... ಅಷ್ಟೇ!

"ಯಾರಮ್ಮಾ?" ಒಳಗಿನಿಂದ ಅವನ ತಾಯಿ ಕುಶಲಾ ಬಂದರು. "ಶೈಲೇಶ ಕಾಲೇಜಿನಿಂದ ಬರುವ ಹೊತ್ತಾಯ್ತು. ಕೂತ್ಕೊಳ್ಳಿ."

ಜಗಲಿಯ ಕುರ್ಚಿಯಲ್ಲಿ ಒಬ್ಬ ಹಿರಿಯರು ಕೂತಿದ್ದರು. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ನೋಟ ಮಾತ್ರ ಹಗ್ಗದ ಕಡೆಗಿತ್ತು.

"ಶೈಲೇಶನ ಅಪ್ಪ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ರು" ಎಂದರು ಕುಶಲಾ. "ಲೋಕಯ್ಯಣ್ಣ ಅಂದ್ರೆ ಎಲ್ಲರಿಗೂ ಗೊತ್ತು. ಸ್ಟ್ರೋಕ್ ಆದ ಮೇಲೆ ಮಾತೇ ಹೋಯ್ತು. ಅಳೂದೂ ಇಲ್ಲ, ನಗೂದೂ ಇಲ್ಲ. ಒಂದು ದಿನ ಮಗ ಮೊಬೈಲಲ್ಲಿ ಈ ಕಂಡಕ್ಟರನ್ನು ತೋರಿಸಿದ. ದೇವರೇ... ಹೊಟ್ಟೆ ಕುಣಿಸಿ ನಕ್ಕರಮ್ಮಾ! ಮೊಬೈಲಲ್ಲಿ ಇವರಿಗೆ ಸರಿ ಕಾಣೂದಿಲ್ಲ. ಅದಕ್ಕೆ ಅಂಗಿ ಮಾಡಿಸಿದ. ಅವನು ಎದುರು ಬಂದಾಗೆಲ್ಲ ನಗ್ತಾರೆ. ದುಬೈಯಲ್ಲಿರುವ ಮಗಳಿಗೂ ಕಳಿಸ್ತಾನೆ. ವೀಡಿಯೋ ಕಾಲಿಗೆ ಅವಳೂ ಹಾಕಿ ಕೂತ್ಕೊಳ್ತಾಳೆ."

ನಿರೀಕ್ಷಾ ಕೈಯಲ್ಲಿದ್ದ ಪಾರ್ಸೆಲನ್ನು ಮೆಲ್ಲನೆ ಜಗಲಿಯ ಮೇಲಿಟ್ಟಳು.

"ಈಗ ಹೊರಗೆ ಹಾಕೂದಿಲ್ಲ ಅವನು. ಯಾರೋ ಅವನನ್ನು ಇಲಿ ಮಾಡಿ ಬಿಟ್ಟಿದ್ದಾರಂತೆ. ಕ್ಲಾಸಿಗೆ ಹೋದರೆ ಬೋರ್ಡಿನ ತುಂಬ ಇಲಿ! ಯಾರಿಗೆ ಎಂತ ಅನ್ಯಾಯ ಮಾಡಿದ್ದಾನೆ ನನ್ನ ಮಗ, ಹೇಳಿ?"

ಗೇಟಿನ ಸದ್ದಾಯಿತು. ಶೈಲೇಶ್ ಒಳಗೆ ಬಂದ. ಅವಳನ್ನು ಕಂಡು ಮುಖ ಅರಳಿತು. "ಅರೆ, ನೀವು!"

ಆ ಅರಳಿದ ಮುಖದ ಎದುರು ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ಆ ಇಲಿ... ನಾನು ಬಿಡಿಸಿದ್ದು. ಈ ಎಲ್ಲ ಚಿತ್ರಗಳೂ ನನ್ನವೇ. ನೀವು ಕದ್ದು ಮಾರ್ತಿದ್ದೀರಿ ಅಂತ... ತಿಳ್ಕೊಂಡೆ."

ಅವನು ಹಗ್ಗದ ಮೇಲಿನ ಅಂಗಿಗಳ ಕಡೆ ತಿರುಗಿದ.

"ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಿದ್ದೆ..."

"ಎಲ್ಲಿಂದ ಅಂತ ಕೇಳಿದ್ರಿ. ಕದ್ದದ್ದಾ ಅಂತ ಕೇಳಲಿಲ್ಲ." ಅವನ ದನಿ ಏರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. "ಅಪ್ಪನನ್ನು ನಗಿಸಿದವರು ಯಾರು, ಒಮ್ಮೆ ಅವರನ್ನು ನೋಡಿ ಕೈ ಮುಗಿಯಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತುಂಟಾ? ಈಗ ನೋಡಿ ಆಯ್ತು. ಹೋಗಿ ಬನ್ನಿ."

ದೇರೆಬೈಲಿನ ತನ್ನ ಮನೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕಣ್ಣು ತುಂಬಿಯೇ ಇತ್ತು.

ಮರುದಿನ ಅವಳು ಮೊದಲ ಬಾರಿಗೆ ತನ್ನನ್ನೇ ಬಿಡಿಸಿದಳು. ಕೌಂಟರಿನ ಹಿಂದೆ ಕೂತ ಹುಡುಗಿ, ತಟ್ಟೆಯಷ್ಟು ದೊಡ್ಡ ಸಂಶಯದ ಕಣ್ಣು, ಆ ಕಣ್ಣಿಗೆ ಕಟ್ಟಿದ ಕಪ್ಪು ಬಟ್ಟೆ. ಕೆಳಗೆ ಬರೆದಳು: 'ನಾನು ನಿರೀಕ್ಷಾ. ಸೊಟ್ಟ ಮೂತಿ ನಾನೇ. ನಾನು ಯಾರನ್ನು ಇಲಿ ಮಾಡಿದೆನೋ ಅವರು ಏನನ್ನೂ ಕದ್ದಿಲ್ಲ. ಕೇಳದೆ, ನೋಡದೆ ಆರೋಪ ಹೊರಿಸಿದ್ದು ನಾನು. ಅವರು ನನ್ನ ಚಿತ್ರಗಳನ್ನು ನನಗಿಂತ ಹೆಚ್ಚು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಕ್ಷಮಿಸಿ.'

ಊರು ಈಗ ಅವಳನ್ನು ನೋಡಿ ನಕ್ಕಿತು. ಮ್ಯಾನೇಜರ್ ಡೆರಿಲ್ ಕರೆದು, "ಆಫೀಸಿನ ಕಂಪ್ಯೂಟರಲ್ಲಿ ಇದಾ ಕೆಲಸ?" ಎಂದು ಗದರಿದರು. ಬೈಸಿಕೊಂಡಳು. ಆ ಚಿತ್ರವನ್ನು ಮಾತ್ರ ತೆಗೆಯಲಿಲ್ಲ.

ವಾರ ಕಳೆಯಿತು. ಅವನಿಂದ ಒಂದು ಸಾಲೂ ಇಲ್ಲ. ಸರಿಯಾದದ್ದೇ, ನಾನಾಗಿದ್ದರೂ ಕ್ಷಮಿಸುತ್ತಿರಲಿಲ್ಲ... ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದ ಮಧ್ಯಾಹ್ನ, ಕೌಂಟರಿನ ಮೇಲೆ ಯಾರದೋ ನೆರಳು ಬಿತ್ತು.

ಶೈಲೇಶ್! ಕೈಯಲ್ಲಿ ಪಾರ್ಸೆಲ್ ಇರಲಿಲ್ಲ.

"ಇವತ್ತು ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ನಿಮ್ಮ ಮುಖ ಇತ್ತು" ಎಂದ. "ಮಕ್ಕಳು ಬಿಡಿಸಿದ್ದಾರೆ."

"ಅಯ್ಯೋ... ಅಳಿಸಿದಿರಾ?"

"ಮನಸ್ಸಾಗಲಿಲ್ಲ. ಪಕ್ಕದಲ್ಲಿ ಉಳಿದ ಜಾಗದಲ್ಲೇ ಲೆಕ್ಕ ಮಾಡಿಸಿದೆ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಕೀಬೋರ್ಡಿನ ಮೇಲೆ ಬಿತ್ತು. ಫಾಯಿಝಾ ಇಲ್ಲದ ಕೆಲಸ ನೆನಪು ಮಾಡಿಕೊಂಡು ಒಳಗೆ ಎದ್ದುಹೋದಳು.

"ನಿಜ ಹೇಳ್ತೇನೆ ನಿರೀಕ್ಷಾ. ಸಿಟ್ಟು ಇತ್ತು. ಆದರೆ ನಿಮ್ಮ ಚಿತ್ರ ನೋಡಿ ಅಪ್ಪನ ಜೊತೆ ನಾನೂ ಬದುಕಿದ್ದೇನೆ. ಅದನ್ನು ಬಿಡಿಸಿದ ಕೈಯ ಮೇಲೆ ಸಿಟ್ಟು ಹೆಚ್ಚು ದಿನ ನಿಲ್ಲಲಿಲ್ಲ." ಕೌಂಟರಿಗೆ ಒರಗಿ ಸೇರಿಸಿದ, "ನಿಮ್ಮ ಮೇಲೆ ನನಗೂ ಒಂದು ಸಂಶಯ ಇತ್ತು."

"ಎಂತ ಸಂಶಯ?"

"ಮೊದಲ ಸಲ ಬಂದಾಗಲೇ ಅಷ್ಟು ಪ್ರಶ್ನೆ ಕೇಳಿದ್ರಲ್ಲ... ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಲಿಕ್ಕೆ ಅಂತ ತಿಳ್ಕೊಂಡಿದ್ದೆ. ಅದಕ್ಕೇ ಎರಡನೇ ಪಾರ್ಸೆಲ್ಲಿಗೆ ಹತ್ತಿರದ ಕೊರಿಯರ್ ಬಿಟ್ಟು ಜೆಪ್ಪುವಿನಿಂದ ಇಲ್ಲಿವರೆಗೆ ಬಂದದ್ದು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಆಗ ಹಾಗೆ ಇರಲಿಲ್ಲ."

"ಈಗ?"

ನಿರೀಕ್ಷಾ ತಲೆಯೆತ್ತಿ, ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

"ಈಗ... ಸ್ವಲ್ಪ ಹೊತ್ತು ಸಾಕಾಗುದಿಲ್ಲ."